ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ: ಉದ್ಯಮ, ಶಿಕ್ಷಣ ಮತ್ತು ಊರಿನ ಕೆಲಸ

2024ರಲ್ಲಿ ಸಿಂಧನೂರಿಗೆ ರೈಲು ಬಂತು. ಗಿಣಿಗೇರಾ–ಮಹಬೂಬನಗರ ಮಾರ್ಗ ಗಂಗಾವತಿ, ಕಾರಟಗಿ ದಾಟಿ ಇಲ್ಲಿಗೆ ಮುಟ್ಟುವುದಕ್ಕೆ ಒಂದು ತಲೆಮಾರು ಕಾಯಬೇಕಾಯಿತು. ಪರೀಕ್ಷೆಗೆ, ಆಸ್ಪತ್ರೆಗೆ, ಕೆಲಸ ಹುಡುಕಲಿಕ್ಕೆ ಹುಬ್ಬಳ್ಳಿಗೆ ಹೋಗುವವರು ಈಗ ಇಲ್ಲಿಂದಲೇ ರೈಲು ಹತ್ತುತ್ತಾರೆ. ಮಸ್ಕಿ ಮತ್ತು ಲಿಂಗಸುಗೂರಿನವರಿಗೆ ಬಸ್ಸೇ ಗತಿ.

ಆ ರೈಲು ಹೋಗಿ ನಿಲ್ಲುವ ಊರಿನಲ್ಲಿ ಹುಟ್ಟಿದ ಒಬ್ಬರ ಬಗ್ಗೆ ಈ ಲೇಖನ. ಹೆಸರು ಗುರುರಾಜ ದೇಶಪಾಂಡೆ. ಅಮೆರಿಕದಲ್ಲಿ ಎಲ್ಲರೂ ಅವರನ್ನು ದೇಶ್ ಎಂದೇ ಕರೆಯುತ್ತಾರೆ. 1990ರ ದಶಕದಲ್ಲಿ ಇಂಟರ್‌ನೆಟ್ಟಿನ ಸಂಚಾರವನ್ನು ಹೊತ್ತ ಯಂತ್ರಗಳನ್ನು ಮಾಡಿದ ಕಂಪನಿ ಅವರದು. ಕನ್ನಡ ಪತ್ರಿಕೆಗಳಲ್ಲಿ ಅವರ ಹೆಸರು ಬಂದದ್ದು ಹೆಚ್ಚಾಗಿ ಸಂಪತ್ತಿನ ಲೆಕ್ಕದೊಂದಿಗೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಒಂದು ಕಂಪನಿಯನ್ನು ಹೇಗೆ ಕಟ್ಟಬೇಕೆಂದು ಅವರು ಕಲಿತರೋ ಅದೇ ಶಿಸ್ತನ್ನು ಶಾಲೆಯ ಊಟಕ್ಕೆ, ಹೊಲದ ಹೊಂಡಕ್ಕೆ, ಹಳ್ಳಿಯ ಪದವೀಧರನ ಕೆಲಸಕ್ಕೆ ಹಚ್ಚಿ ನೋಡಿದರು. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಅದರಿಂದ ತೆಗೆದುಕೊಳ್ಳುವುದು ಬಹಳ ಇದೆ, ಬಿಡಬೇಕಾದದ್ದೂ ಇದೆ.

ಹುಬ್ಬಳ್ಳಿ, ಮದ್ರಾಸ್, ಕೆನಡಾ

ದೇಶಪಾಂಡೆ ಹುಟ್ಟಿದ್ದು 1950ರಲ್ಲಿ. ತಂದೆ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿ ಅಧಿಕಾರಿ. ಮದ್ರಾಸಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಆಗ ಅಲ್ಲಿಂದ ಹೊರಬಿದ್ದ ಬಹುಪಾಲು ಹುಡುಗರು ಅಮೆರಿಕದ ದಾರಿ ಹಿಡಿಯುತ್ತಿದ್ದರೆ ಇವರು ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್. ವಿಷಯ ದತ್ತಾಂಶ ಸಂವಹನ, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ತಪ್ಪಿಲ್ಲದೆ ಹೋಗುವುದು ಹೇಗೆ ಎಂಬ ಪ್ರಶ್ನೆ. ಮನೆಮನೆಗೆ ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚಿನ ಮಾತು.

ಅವರ ಪತ್ನಿ ಜಯಶ್ರೀ, ಶಿಗ್ಗಾವಿಯ ಕುಲಕರ್ಣಿ ಮನೆತನದವರು. ಲೇಖಕಿ ಸುಧಾ ಮೂರ್ತಿ ಮತ್ತು ಖಗೋಳ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿಯವರ ಸಹೋದರಿ. ಹಾಗಾಗಿ ಇನ್ಫೋಸಿಸ್‌ನ ನಾರಾಯಣಮೂರ್ತಿ ದೇಶಪಾಂಡೆಯವರ ಷಡ್ಡಕ. ಒಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸೇವೆಯ ಉದ್ಯಮ ಕಟ್ಟಿದರು, ಇನ್ನೊಬ್ಬರು ಬಾಸ್ಟನ್ನಿನ ಹೊರವಲಯದಲ್ಲಿ ಯಂತ್ರಾಂಶದ ಉದ್ಯಮ. ಮುಂದೆ ಊರಿಗಾಗಿ ಮಾಡಿದ ಎಲ್ಲ ಕೆಲಸದಲ್ಲೂ ಜಯಶ್ರೀಯವರ ಹೆಸರು ಜೊತೆಗೇ ಬರುತ್ತದೆ.

ಓದು ಮುಗಿದ ಮೇಲೆ ದೇಶಪಾಂಡೆ ಮೊಟೊರೋಲಾದ ಅಂಗಸಂಸ್ಥೆಯಾದ ಕೋಡೆಕ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಚಿಕ್ಕದೊಂದು ತಂಡ ನೂರಾರು ಜನರ ಸಂಸ್ಥೆಯಾಗಿ ಬೆಳೆಯುವುದನ್ನು ಒಳಗಿನಿಂದ ನೋಡಿದ್ದು ಅಲ್ಲಿ. 1980ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದರು.

ಮೊದಲ ಕಂಪನಿ ಕೈಬಿಟ್ಟದ್ದು

1980ರ ದಶಕದ ಕೊನೆಗೆ ಸಂಬಳದ ಕೆಲಸ ಬಿಟ್ಟು ಪಾಲುದಾರರ ಜೊತೆ ಕೋರಲ್ ನೆಟ್‌ವರ್ಕ್ಸ್ ಶುರುಮಾಡಿದರು. ಜಾಲಗಳನ್ನು ಬೆಸೆಯುವ ರೂಟರ್‌ಗಳನ್ನು ತಯಾರಿಸುವ ಕಂಪನಿ ಅದು. ಕಂಪನಿ ಯಾವ ದಿಕ್ಕಿಗೆ ಹೋಗಬೇಕೆಂಬುದರಲ್ಲಿ ಪಾಲುದಾರರೊಂದಿಗೆ ಒಮ್ಮತ ಮೂಡಲಿಲ್ಲ. ಬೇಗನೆ ಹೊರಬಂದರು. 1993ರಲ್ಲಿ ಸಿನಾಪ್ಟಿಕ್ಸ್ ಎಂಬ ಕಂಪನಿ ಕೋರಲನ್ನು ಸುಮಾರು 1.5 ಕೋಟಿ ಡಾಲರಿಗೆ ಕೊಂಡಿತು. ಅಷ್ಟರಲ್ಲಿ ದೇಶಪಾಂಡೆ ಬೇರೊಂದು ಕಂಪನಿಯಲ್ಲಿ ಮುಳುಗಿದ್ದರು. ಕುಟುಂಬ ಇತ್ತು, ಕೈಯಲ್ಲಿ ಸಂಬಳ ಇರಲಿಲ್ಲ. ಆ ಸ್ಥಿತಿಯಲ್ಲಿ ಎರಡನೆಯ ಸಲ ಹೊರಟದ್ದೇ ಈ ಜೀವನದ ತಿರುವು ಎಂದು ನನ್ನ ಅಭಿಪ್ರಾಯ.

ಕ್ಯಾಸ್ಕೇಡ್: ನಾಲೆ ನೀರಿನ ಲೆಕ್ಕ

1990ರಲ್ಲಿ ಶುರುವಾದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಏನು ಮಾಡಿತು ಎಂಬುದನ್ನು ತುಂಗಭದ್ರಾ ಎಡದಂಡೆ ನಾಲೆಯ ಜನಕ್ಕೆ ತಿಳಿಸುವುದು ಸುಲಭ.

ಒಂದು ಬ್ಯಾಂಕಿಗೆ ಹತ್ತು ಊರುಗಳಲ್ಲಿ ಶಾಖೆಗಳಿವೆ ಎಂದುಕೊಳ್ಳಿ. ಅವುಗಳ ಕಂಪ್ಯೂಟರುಗಳನ್ನು ಕೂಡಿಸಬೇಕಾದರೆ ಆಗ ದೂರವಾಣಿ ಕಂಪನಿಯಿಂದ ಒಂದೊಂದು ಜೋಡಿ ಊರಿಗೂ ಪ್ರತ್ಯೇಕ ತಂತಿ ಬಾಡಿಗೆಗೆ ಪಡೆಯಬೇಕಿತ್ತು. ಪ್ರತಿ ರೈತನೂ ಜಲಾಶಯದಿಂದ ತನ್ನ ಹೊಲದವರೆಗೆ ಸ್ವಂತ ಕಾಲುವೆ ತೋಡಿಸಿಕೊಂಡ ಹಾಗೆ. ನೀರು ಬೇಕಾದದ್ದು ದಿನಕ್ಕೆ ಎರಡು ತಾಸು, ಕಾಲುವೆಯ ಖರ್ಚು ಇಪ್ಪತ್ತನಾಲ್ಕು ತಾಸಿನದು. ಕಂಪ್ಯೂಟರುಗಳ ಮಾತುಕತೆ ಇನ್ನೂ ವಿಚಿತ್ರ: ಒಂದು ಕ್ಷಣ ಪ್ರವಾಹ, ಮರುಕ್ಷಣ ಮೌನ. ಬಾಡಿಗೆ ತಂತಿ ಬಹುಪಾಲು ಹೊತ್ತು ಖಾಲಿ ಬಿದ್ದಿರುತ್ತಿತ್ತು.

ಎಲ್ಲರೂ ಹಂಚಿಕೊಳ್ಳುವ ಜಾಲ ಮೊದಲೂ ಇತ್ತು, ಆದರೆ ನಿಧಾನದ್ದು. ಹಳೆಯ ತಾಮ್ರದ ತಂತಿಗಳಲ್ಲಿ ಗದ್ದಲ ಹೆಚ್ಚು, ಮಾಹಿತಿ ಕೆಡುವುದು ಹೆಚ್ಚು. ಅದಕ್ಕೇ ದಾರಿಯ ಪ್ರತಿ ನಿಲ್ದಾಣದಲ್ಲೂ ಮಾಹಿತಿಯನ್ನು ನಿಲ್ಲಿಸಿ, ತಪಾಸಣೆ ಮಾಡಿ, ತಪ್ಪಿದ್ದರೆ ಹಿಂದಿನ ನಿಲ್ದಾಣದಿಂದ ಮತ್ತೆ ಕಳಿಸಿಕೊಳ್ಳುತ್ತಿದ್ದರು. ಬೆಳಕಿನ ಎಳೆಯ ಕೇಬಲ್ ಬಂದ ಮೇಲೆ ತಂತಿಗಳು ಸ್ವಚ್ಛವಾದವು. ಹೆಜ್ಜೆಹೆಜ್ಜೆಗೂ ತಪಾಸಣೆ ಬೇಡ, ಕೊನೆಯ ಎರಡು ತುದಿಗಳ ಕಂಪ್ಯೂಟರುಗಳೇ ತಪ್ಪು ತಿದ್ದಿಕೊಳ್ಳಲಿ ಎಂಬ ವಿಚಾರದ ಮೇಲೆ ನಿಂತದ್ದು ಫ್ರೇಮ್ ರಿಲೇ ಎಂಬ ವಿಧಾನ. ಮಾಹಿತಿಯನ್ನು ಕಂತುಗಳಾಗಿ ಕಟ್ಟಿ, ಪ್ರತಿ ಕಂತಿನ ತಲೆಯ ಮೇಲೆ ಅದು ಯಾವ ಸಂಪರ್ಕಕ್ಕೆ ಸೇರಿದ್ದು ಎಂಬ ಸಂಖ್ಯೆ ಬರೆದು ಒಂದೇ ತಂತಿಗೆ ಬಿಡುವುದು. ನಡುವಿನ ಸ್ವಿಚ್ಚು ಸಂಖ್ಯೆ ಓದಿ ಆ ಕಡೆಗೆ ತಿರುಗಿಸುತ್ತದೆ.

ಹಂಚಿಕೆಯಲ್ಲಿ ಇನ್ನೂ ಒಂದು ಸೊಗಸಿತ್ತು. ಪ್ರತಿ ಗ್ರಾಹಕನಿಗೂ ಇಷ್ಟು ವೇಗ ಖಂಡಿತ ಎಂಬ ಪಾಲು ನಿಗದಿಯಾಗುತ್ತದೆ. ಪಕ್ಕದವನ ಪಾಲು ಖಾಲಿ ಇದ್ದಾಗ ಅದನ್ನೂ ಬಳಸಬಹುದು, ಆದರೆ ದಟ್ಟಣೆಯಾದಾಗ ಮೊದಲು ಕೈಬಿಡುವುದು ಹೆಚ್ಚುವರಿಯಾಗಿ ಬಂದ ಕಂತುಗಳನ್ನೇ. 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯಲ್ಲಿ ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡಾಗ ಕೆಳಭಾಗದ ಹೊಲಗಳು ಒಣಗುವುದನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತು. ಕಾಗದದ ಮೇಲೆ ನೀರಿನ ಹಂಚಿಕೆಯೂ ಹೀಗೇ ಇದೆ. ಯಂತ್ರ ಆ ನಿಯಮವನ್ನು ಮುಖ ನೋಡದೆ ಪಾಲಿಸುತ್ತದೆ.

ಕ್ಯಾಸ್ಕೇಡ್ ಈ ಸ್ವಿಚ್ಚುಗಳನ್ನು ದೊಡ್ಡ ದೂರವಾಣಿ ಕಂಪನಿಗಳು ಒಪ್ಪುವಷ್ಟು ದೃಢವಾಗಿ ಮಾಡಿತು. ದೇಶಪಾಂಡೆಯವರ ತೀರ್ಮಾನಗಳಲ್ಲಿ ನನಗೆ ಬಹಳ ಹಿಡಿಸುವುದು, ಕಂಪನಿಯ ಮುಖ್ಯಸ್ಥನ ಕುರ್ಚಿಗೆ ಡ್ಯಾನಿಯಲ್ ಸ್ಮಿತ್ ಎಂಬವರನ್ನು ಹೊರಗಿನಿಂದ ಕರೆತಂದದ್ದು. ಮಾರಾಟ ಮತ್ತು ಆಡಳಿತವನ್ನು ತನಗಿಂತ ಚೆನ್ನಾಗಿ ಬಲ್ಲವರು ಬಂದರೆ ಕಂಪನಿ ಬೆಳೆಯುತ್ತದೆ ಎಂದು ಸ್ಥಾಪಕರೇ ಜಾಗ ಬಿಟ್ಟುಕೊಡುವುದು ನಮ್ಮ ಸಹಕಾರಿ ಸಂಘಗಳಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ ಎಷ್ಟು ಅಪರೂಪ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1990ರ ದಶಕದ ಮಧ್ಯದಲ್ಲಿ ಇಂಟರ್‌ನೆಟ್ಟಿನ ಸಂಚಾರದ ಸುಮಾರು ಶೇ 70ರಷ್ಟು ಕ್ಯಾಸ್ಕೇಡ್ ಯಂತ್ರಗಳ ಮೂಲಕ ಹಾಯುತ್ತಿತ್ತು ಎನ್ನುತ್ತಾರೆ. 1997ರಲ್ಲಿ ಅಸೆಂಡ್ ಕಮ್ಯುನಿಕೇಷನ್ಸ್ ಅದನ್ನು 370 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಸಿಕಮೋರ್: ಏರಿದ್ದು, ಇಳಿದದ್ದು

ಮರುವರ್ಷ, 1998ರಲ್ಲಿ, ದೇಶಪಾಂಡೆ ಮತ್ತು ಸ್ಮಿತ್ ಮತ್ತೆ ಸೇರಿ ಸಿಕಮೋರ್ ನೆಟ್‌ವರ್ಕ್ಸ್ ತೆರೆದರು. ಮ್ಯಾಸಚೂಸೆಟ್ಸ್‌ನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಯ ಸಂಶೋಧನೆಯಿಂದ ಬಂದ ರಿಕ್ ಬ್ಯಾರಿ ಮತ್ತು ಎರಿಕ್ ಸ್ವಾನ್ಸನ್ ತಂತ್ರಜ್ಞಾನದ ಬೆನ್ನೆಲುಬು. ಒಂದೇ ಗಾಜಿನ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಬೆಳಕುಗಳನ್ನು ಒಟ್ಟಿಗೆ ಕಳಿಸಿ, ಪ್ರತಿ ಬಣ್ಣದ ಮೇಲೂ ಬೇರೆ ಮಾಹಿತಿ ಹೊರಿಸಬಹುದೆಂಬುದು ಆಗಲೇ ತಿಳಿದಿತ್ತು. ಆದರೆ ಹೊಸ ಗ್ರಾಹಕನಿಗೆ ಒಂದು ದಾರಿ ತೆರೆದುಕೊಡಬೇಕೆಂದರೆ ತಿಂಗಳುಗಟ್ಟಲೆ ಕೈಕೆಲಸ. ಆ ದಾರಿಯನ್ನು ಸಾಫ್ಟ್‌ವೇರಿನ ಮೂಲಕ ಬೇಗ ತೆರೆಯುವ, ಮುಚ್ಚುವ ಯಂತ್ರ ಸಿಕಮೋರಿನದು.

1999ರ ಅಕ್ಟೋಬರಿನಲ್ಲಿ ಅದರ ಷೇರು ಮಾರುಕಟ್ಟೆಗೆ ಬಂದಾಗ ನಿಗದಿಯಾದ ಬೆಲೆ 38 ಡಾಲರ್. ಮೊದಲ ದಿನವೇ ವಹಿವಾಟು ಮುಗಿಯುವ ಹೊತ್ತಿಗೆ 180 ಡಾಲರ್ ದಾಟಿತ್ತು. ಹುಬ್ಬಳ್ಳಿಯ ಹುಡುಗ ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿದ ಎಂದು ಪತ್ರಿಕೆಗಳು ಬರೆದವು. 2000ದ ನಂತರ ದೂರಸಂಪರ್ಕ ಕಂಪನಿಗಳು ಖರೀದಿ ನಿಲ್ಲಿಸಿದವು, ಅತಿಯಾಗಿ ಹಾಸಿದ ಕೇಬಲ್ಲುಗಳು ಕತ್ತಲಲ್ಲೇ ಉಳಿದವು, ಷೇರಿನ ಬೆಲೆ ಎರಡು ಮೂರು ಡಾಲರಿಗೆ ಬಿತ್ತು. ನೌಕರರು ಕೆಲಸ ಕಳೆದುಕೊಂಡರು, ಮೇಲಿನ ಬೆಲೆಗೆ ಷೇರು ಕೊಂಡ ಸಾಮಾನ್ಯ ಹೂಡಿಕೆದಾರರ ಹಣ ಕರಗಿತು. 2013ರಲ್ಲಿ ಕಂಪನಿಯನ್ನು ವಿಸರ್ಜಿಸಲಾಯಿತು. ದೇಶಪಾಂಡೆಯವರನ್ನು ಹೊಗಳುವ ಬರಹಗಳು 1999ಕ್ಕೆ ಬಂದು ನಿಂತುಬಿಡುತ್ತವೆ. ಮುಂದಿನ ಹದಿನಾಲ್ಕು ವರ್ಷಗಳನ್ನೂ ಸೇರಿಸಿ ಓದಿದರೆ ಮಾತ್ರ ಉದ್ಯಮಿಯ ಬದುಕು ಏನೆಂದು ತಿಳಿಯುತ್ತದೆ.

ಅದೇ ಕಾಲದ ಇನ್ನೆರಡು ಕಂಪನಿಗಳನ್ನೂ ಹೇಳಬೇಕು. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್‌ಗೆ ಆರಂಭದಿಂದ ಬೆನ್ನಿಗೆ ನಿಂತವರು ದೇಶಪಾಂಡೆ. ನಡೆಸಿದವರು ಸಂಜಯ್ ನಾಯಕ್, ಕುಮಾರ್ ಶಿವರಾಜನ್, ಅರ್ಣಬ್ ರಾಯ್. ದೂರಸಂಪರ್ಕದ ಯಂತ್ರಗಳನ್ನು ಭಾರತದಲ್ಲೇ ವಿನ್ಯಾಸ ಮಾಡಬಹುದೆಂದು ಅದು ತೋರಿಸಿತು. 2021ರಲ್ಲಿ ಟಾಟಾ ಸಮೂಹ ಅದನ್ನು ತನ್ನದಾಗಿಸಿಕೊಂಡಿತು. ಬಿಎಸ್‌ಎನ್‌ಎಲ್‌ನ 4ಜಿ ಜಾಲಕ್ಕೆ ರೇಡಿಯೊ ಉಪಕರಣ ಹೋಗಿದ್ದು ಇಲ್ಲಿಂದ. ಇನ್ನೊಂದು, ಅಮೆರಿಕದ ಎ123 ಸಿಸ್ಟಮ್ಸ್. ಲಿಥಿಯಂ ಬ್ಯಾಟರಿಯ ಈ ಕಂಪನಿಗೆ ದೇಶಪಾಂಡೆ ಅಧ್ಯಕ್ಷರಾಗಿದ್ದರು. ವಿದ್ಯುತ್ ಕಾರುಗಳ ಮಾರುಕಟ್ಟೆ ಎಣಿಸಿದಷ್ಟು ಬೇಗ ಬರಲಿಲ್ಲ. 2012ರಲ್ಲಿ ಎ123 ದಿವಾಳಿ ಎದ್ದಿತು.

ಎಂಐಟಿಯ ಕೇಂದ್ರ

2002ರಲ್ಲಿ ಜಯಶ್ರೀ ಮತ್ತು ಗುರುರಾಜ ದೇಶಪಾಂಡೆ ಎಂಐಟಿಗೆ 2 ಕೋಟಿ ಡಾಲರ್ ಕೊಟ್ಟರು. ಹಾಗೆ ಹುಟ್ಟಿದ ದೇಶಪಾಂಡೆ ಕೇಂದ್ರ ಪ್ರಾಧ್ಯಾಪಕರ ಸಂಶೋಧನೆಗೆ ಚಿಕ್ಕ ಅನುದಾನ ಕೊಡುತ್ತದೆ. ಅನುದಾನಕ್ಕಿಂತ ಮುಖ್ಯವಾದದ್ದು ಜೊತೆಗೆ ಬರುವ ಮನುಷ್ಯರು: ಉದ್ಯಮ ನಡೆಸಿ ಅನುಭವ ಇರುವ ಸ್ವಯಂಸೇವಕರು ಪ್ರಯೋಗಾಲಯಕ್ಕೆ ಬಂದು, ಈ ಶೋಧ ಯಾರ ಯಾವ ಕಷ್ಟಕ್ಕೆ ಬೇಕು ಎಂದು ಕೇಳುತ್ತಾರೆ. ಪ್ರಬಂಧ ಪ್ರಕಟವಾದ ಮೇಲೆ ಕಪಾಟು ಸೇರುವ ಜ್ಞಾನ ಹೊರಗೆ ಬರುವುದು ಆ ಪ್ರಶ್ನೆಯಿಂದ. ಮುಂದೆ ಇದೇ ಮಾದರಿಯ ಕೇಂದ್ರಗಳು ಅವರು ಓದಿದ ಸಂಸ್ಥೆಗಳಲ್ಲೂ ಬಂದವು: ನ್ಯೂ ಬ್ರನ್ಸ್‌ವಿಕ್‌ನಲ್ಲಿ, ಕ್ವೀನ್ಸ್‌ನಲ್ಲಿ, ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ಅವರೊಂದಿಗೆ ಸೇರಿ ಮದ್ರಾಸ್ ಐಐಟಿಯಲ್ಲಿ. 2010ರಲ್ಲಿ ಒಬಾಮ ಸರ್ಕಾರ ನಾವೀನ್ಯ ಮತ್ತು ಉದ್ಯಮಶೀಲತೆಯ ರಾಷ್ಟ್ರೀಯ ಸಲಹಾ ಮಂಡಳಿ ರಚಿಸಿದಾಗ ಅದರ ಸಹ ಅಧ್ಯಕ್ಷರಲ್ಲಿ ಇವರೂ ಒಬ್ಬರು.

ಹುಬ್ಬಳ್ಳಿಯ ಗುಬ್ಬಿಗೂಡು

ದೇಶಪಾಂಡೆ ಫೌಂಡೇಷನ್ ಹುಟ್ಟಿದ್ದು 1996ರಲ್ಲಿ. 2007ರಿಂದ ಅದು ಹುಬ್ಬಳ್ಳಿಯ ಸುತ್ತಲಿನ ಜಿಲ್ಲೆಗಳಲ್ಲಿ ‘ಸ್ಯಾಂಡ್‌ಬಾಕ್ಸ್’ ಎಂಬ ಹೆಸರಿನಲ್ಲಿ ಬೇರೂರಿತು. ಆ ಪದಕ್ಕೆ ಮಕ್ಕಳು ಆಡುವ ಮರಳಿನ ಅಂಕಣ ಎಂದರ್ಥ. ನಮ್ಮ ಮಕ್ಕಳು ಹಳ್ಳದ ದಂಡೆಯಲ್ಲಿ ಕಾಲಿನ ಮೇಲೆ ಒದ್ದೆ ಮರಳು ಮುಚ್ಚಿ, ತಟ್ಟಿ, ಮೆಲ್ಲಗೆ ಪಾದ ಎಳೆದುಕೊಂಡು ಗುಬ್ಬಿಗೂಡು ಮಾಡುತ್ತಾರಲ್ಲ, ಅದೇ. ಕುಸಿದರೆ ನಷ್ಟವಿಲ್ಲ, ಮತ್ತೆ ಕಟ್ಟಬಹುದು. ಊರಿನ ಸಮಸ್ಯೆಗಳಿಗೆ ಸಣ್ಣ ಪ್ರಮಾಣದಲ್ಲಿ ಹಲವು ಉತ್ತರಗಳನ್ನು ಕಟ್ಟಿ ನೋಡುವುದು, ನಿಂತದ್ದನ್ನು ಬೆಳೆಸುವುದು, ಕುಸಿದದ್ದನ್ನು ಒಪ್ಪಿಕೊಂಡು ಬಿಡುವುದು. ಸರ್ಕಾರಿ ಯೋಜನೆಗೆ ಕೊನೆಯದನ್ನು ಮಾಡುವುದು ಬಹಳ ಕಷ್ಟ.

ಕಣ್ಣಿಗೆ ಕಾಣುವ ಕೆಲಸ, ಶಾಲೆಗಳಿಗೆ ಮಧ್ಯಾಹ್ನದ ಊಟ ಕೊಡುವ ಅಕ್ಷಯಪಾತ್ರ ಸಂಸ್ಥೆಯ ಹುಬ್ಬಳ್ಳಿ ಅಡುಗೆಮನೆ. ಅಕ್ಕಿ ಬೇಳೆ ಮೇಲಿನ ಮಹಡಿಗೆ ಏರಿ, ಅಲ್ಲಿಂದ ಕೊಳವೆಗಳಲ್ಲಿ ತನ್ನ ಭಾರಕ್ಕೆ ತಾನೇ ಇಳಿದು, ಕೆಳಗಿನ ಹಂಡೆಗಳಲ್ಲಿ ಬೆಂದು ಶಾಲೆಗಳಿಗೆ ಹೊರಡುತ್ತದೆ. ದಿನಕ್ಕೆ ಲಕ್ಷಕ್ಕೂ ಹೆಚ್ಚು ಮಕ್ಕಳ ಊಟ. ಜಾಲದ ಯಂತ್ರ ಮಾಡಿದವರಿಗೆ ಇದು ಪರಿಚಿತ ಸಮಸ್ಯೆಯೇ: ಒಂದು ಕೇಂದ್ರ, ಸಾವಿರ ಕೊನೆಗಳು, ಹೊತ್ತಿಗೆ ಸರಿಯಾಗಿ ತಲುಪಬೇಕು. ವಿಜ್ಞಾನದ ಸಾಮಾನುಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಸರ್ಕಾರಿ ಶಾಲೆಗಳಿಗೆ ಹೋಗುವ ಅಗಸ್ತ್ಯ ಸಂಸ್ಥೆಯನ್ನೂ ಈ ಭಾಗಕ್ಕೆ ತಂದರು.

ಕೃಷಿ ಹೊಂಡದ ಕೆಲಸ ನಡೆದದ್ದು ನವಲಗುಂದದಂಥ ಎರೆನಾಡಿನಲ್ಲಿ. ಅಲ್ಲಿ ಕೊಳವೆಬಾವಿಯ ನೀರು ಉಪ್ಪು, ಮಳೆಯೇ ಆಧಾರ. ಎರೆಮಣ್ಣು ಒಮ್ಮೆ ನೆನೆದರೆ ನೀರನ್ನು ಸುಲಭಕ್ಕೆ ಇಂಗಗೊಡುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಹಾಸಿಲ್ಲದೆಯೇ ಹೊಂಡ ನಿಲ್ಲುತ್ತದೆ. ನೂರು ಅಡಿ ಉದ್ದ, ನೂರು ಅಡಿ ಅಗಲ, ಹನ್ನೆರಡು ಅಡಿ ಆಳ ತೆಗೆದರೆ, ಇಳಿಜಾರು ದಂಡೆಗಳ ಜಾಗ ಕಳೆದೂ ಇಪ್ಪತ್ತೈದು ಲಕ್ಷ ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ಮಳೆ ಕೈಕೊಟ್ಟ ಹದಿನೈದು ದಿನಗಳಲ್ಲಿ ಬೆಳೆಗೆ ಒಂದು ನೀರು, ಎರಡು ನೀರು ಕೊಡಲು ಅಷ್ಟು ಸಾಕು. ಟಾಟಾ ಟ್ರಸ್ಟ್ ಹಣ ಕೂಡಿಸಿತು, ವೆಚ್ಚದ ಒಂದು ಪಾಲನ್ನು ರೈತರೇ ಹಾಕಿದರು. ಪಾಲು ಹಾಕಿದ ರೈತ ಹೊಂಡದ ಹೂಳನ್ನೂ ತೆಗೆಸುತ್ತಾನೆ.

ಯುವಕರ ಕೆಲಸ ಎರಡು ಬಗೆಯದು. ಡಿಗ್ರಿ ಮುಗಿಸಿಯೂ ಸಂದರ್ಶನದಲ್ಲಿ ಬಾಯಿ ಕಟ್ಟುವ ಹಳ್ಳಿಯ ಹುಡುಗ ಹುಡುಗಿಯರಿಗೆ ವಸತಿ ಸಹಿತ ತರಬೇತಿ. ಭಾಷೆ, ಕಂಪ್ಯೂಟರ್, ನಾಲ್ಕು ಜನರ ಮುಂದೆ ನಿಂತು ಮಾತಾಡುವ ಧೈರ್ಯ. ಇದಕ್ಕೂ ಹೆಚ್ಚು ನನ್ನ ಮನಸ್ಸಿಗೆ ಬಂದದ್ದು ‘ಲೀಡ್’ ಎಂಬ ಕಾರ್ಯಕ್ರಮ. ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಒಂದು ತೊಂದರೆ ಆರಿಸಿ, ತಾವೇ ಒಂದು ಪರಿಹಾರ ಮಾಡಿ ನೋಡುತ್ತಾರೆ. ಅದಕ್ಕೆ ಚೂರು ಹಣ, ಒಬ್ಬ ಹಿರಿಯರ ಸಲಹೆ. ದೇಶಪಾಂಡೆ ಮತ್ತೆ ಮತ್ತೆ ಹೇಳುವ ಮಾತಿನ ತಿರುಳೂ ಇದೇ: ತೊಂದರೆ ಕಂಡಾಗ ಕೆಲವರು ಸುಮ್ಮನಿರುತ್ತಾರೆ, ಕೆಲವರು ದೂರುತ್ತಾರೆ, ಕೆಲವರು ಕೈ ಹಾಕುತ್ತಾರೆ. ಮೂರನೆಯವರ ಸಂಖ್ಯೆ ಹೆಚ್ಚಿದ ಊರು ಮುಂದೆ ಬರುತ್ತದೆ. ಹೊಸ ಉದ್ಯಮಗಳಿಗೆ ಜಾಗ ಮತ್ತು ಸಲಹೆ ಕೊಡುವ ದೇಶಪಾಂಡೆ ಸ್ಟಾರ್ಟಪ್ಸ್ ಕೇಂದ್ರವೂ ಹುಬ್ಬಳ್ಳಿಯಲ್ಲೇ ಇದೆ.

ಹುಬ್ಬಳ್ಳಿಯಲ್ಲಿ ಕಲಿತದ್ದನ್ನು ಅವರು ಅಮೆರಿಕಕ್ಕೂ ಒಯ್ದರು. ಬಟ್ಟೆ ಗಿರಣಿಗಳು ಮುಚ್ಚಿ ಬಡವಾದ ಲೋವೆಲ್ ಮತ್ತು ಲಾರೆನ್ಸ್ ಪಟ್ಟಣಗಳಲ್ಲಿ ಶುರುವಾದ ಸ್ಯಾಂಡ್‌ಬಾಕ್ಸ್ ಮುಂದೆ ‘ಎಲ್ಲರಿಗೂ ಉದ್ಯಮಶೀಲತೆ’ ಎಂಬ ಅರ್ಥದ ಹೆಸರಿನ ಸಂಸ್ಥೆಯಾಗಿ ಬೆಳೆಯಿತು. ವಲಸೆ ಬಂದವರಿಗೆ ಸ್ಪ್ಯಾನಿಷ್ ಭಾಷೆಯಲ್ಲೇ ತರಬೇತಿ ಕೊಡುತ್ತದೆ. ನಮ್ಮಲ್ಲಿ ಕನ್ನಡದಲ್ಲಿ ಉದ್ಯಮದ ಪಾಠ ಹೇಳಿದರೆ ಮಟ್ಟ ಇಳಿಯುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಸಿಂಧನೂರು, ಲಿಂಗಸುಗೂರು, ಮಸ್ಕಿ: ಬೇರೆ ನೆಲ, ಬೇರೆ ಲೆಕ್ಕ

ಹುಬ್ಬಳ್ಳಿಯದನ್ನು ಎತ್ತಿ ತಂದು ಇಲ್ಲಿ ನೆಟ್ಟರೆ ಹತ್ತುವುದಿಲ್ಲ. ಊಟದ ಉದಾಹರಣೆಯನ್ನೇ ನೋಡಿ. ರಾಯಚೂರು ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ 2002ರಲ್ಲೇ ಸರ್ಕಾರದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಶುರುವಾಗಿ, ಆಯಾ ಶಾಲೆಯಲ್ಲೇ ಊರಿನ ಹೆಣ್ಣುಮಕ್ಕಳು ಅಡುಗೆ ಮಾಡುತ್ತ ಬಂದಿದ್ದಾರೆ. ದೂರ ದೂರ ಚದುರಿದ ಮಸ್ಕಿಯ ಹಳ್ಳಿಗಳಿಗೆ ಬಿಸಿಯೂಟ ತಲುಪಿಸಲು ಇದೇ ಸರಿಯಾದ ದಾರಿ, ಆ ಹೆಣ್ಣುಮಕ್ಕಳ ಗೌರವಧನ ಹೆಚ್ಚಬೇಕು ಅಷ್ಟೆ. ನಗರದ ದಟ್ಟಣೆಗೆ ಹೊಂದುವ ದೊಡ್ಡ ಅಡುಗೆಮನೆ ಇಲ್ಲಿಗೆ ಬೇಡ.

ಮೂರೂ ತಾಲ್ಲೂಕುಗಳ ಗುಣ ಒಂದೇ ಅಲ್ಲ. ಸಿಂಧನೂರು ನಾಲೆಯ ಮಗು. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ ಜೋಳದ ನೆಲ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಬಂಗಾಳಿ ನಿರಾಶ್ರಿತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು ಎದ್ದವು. ಜೊತೆಗೆ ಸವುಳು ಜವುಳು ನೆಲವೂ ಹೆಚ್ಚಿತು, ಕೆಳಭಾಗದವರ ಜಗಳವೂ. ಲಿಂಗಸುಗೂರಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ; 1947ರಲ್ಲಿ ನಿಜಾಮರ ಕಾಲದಲ್ಲಿ ಹುಟ್ಟಿದ ಕಂಪನಿ ಅದನ್ನು ಇಂದಿಗೂ ನಡೆಸುತ್ತಿದೆ. ಆಳದ ಗಣಿಯಲ್ಲಿ ಯಂತ್ರ ನಡೆಸುವ, ರಿಪೇರಿ ಮಾಡುವ ನೂರಾರು ಕೈಗಳು ಅಲ್ಲಿವೆ. ಹಿಂದೆ ಲಿಂಗಸುಗೂರಿನ ಭಾಗವಾಗಿದ್ದ ಮಸ್ಕಿ ಈಚೆಗೆ ತಾಲ್ಲೂಕಾಯಿತು. ಅಲ್ಲಿ ನಾಲೆ ಸಿಕ್ಕ ಹಳ್ಳಿ, ಸಿಗದ ಹಳ್ಳಿ ಎಂದು ಎರಡು ಲೋಕ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರು ಭಾಗದ ರೈತರು ತಿಂಗಳುಗಟ್ಟಲೆ ಕೂತ ಧರಣಿ 2021ರ ಉಪಚುನಾವಣೆಯ ದೊಡ್ಡ ವಿಷಯವೇ ಆಯಿತು. ಅವರ ಬೇಡಿಕೆ ನ್ಯಾಯದ್ದು. ಕಾಲುವೆ ಬರುವ ತನಕ ಎರೆಹೊಲದ ಹೊಂಡ ಅವರಿಗೆ ನೇರವಾಗಿ ಒಗ್ಗುವ ಪಾಠ, ಯಾಕೆಂದರೆ ನೆಲ ನವಲಗುಂದದ ಹಾಗೇ ಇದೆ.

ಮಸ್ಕಿಯ ಶಾಸನದ ಕಥೆ ಇಲ್ಲಿ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಬಂದು ಬಂಡೆಯ ಮೇಲಿನ ಅಕ್ಷರ ಕಂಡ. ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಬಂಡೆಯಿಂದ. ಎಂಜಿನಿಯರಿಗೆ ನೆಲ ನೋಡುವ ಕಣ್ಣಿತ್ತು, ಹಾಗಾಗಿ ಸಿಕ್ಕಿತು.

ಹಾಗೆ ನೋಡುವ ಕಣ್ಣುಗಳು ಇಲ್ಲಿ ಈಗ ಕಡಿಮೆ ಇಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2009ರಿಂದ ಇದೆ. ಡ್ರೋನಿನಿಂದ ಔಷಧ ಸಿಂಪಡಿಸುವುದರ ಮೇಲೆ ಕೆಲಸ ಮಾಡಿದೆ. ಗಂಗಾವತಿಯ ಸಂಶೋಧನಾ ಕೇಂದ್ರ ಸವುಳು ಭೂಮಿಯ ಮೇಲೇ ದಶಕಗಳಿಂದ ದುಡಿಯುತ್ತಿದೆ. ಐಐಟಿ ಧಾರವಾಡಕ್ಕೆ ಹೋಯಿತೆಂಬ ನೋವಿನ ನಡುವೆ 2019ರಲ್ಲಿ ರಾಯಚೂರಿಗೆ ಟ್ರಿಪಲ್ ಐಟಿ ಬಂತು. ಮೊದಲ ತಂಡಗಳ ತರಗತಿ ಹೈದರಾಬಾದ್ ಐಐಟಿಯ ಆವರಣದಲ್ಲಿ ನಡೆದು ಆಮೇಲೆ ಸಂಸ್ಥೆ ಊರಿಗೆ ಬಂತು. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿದೆ. ಪ್ರಾದೇಶಿಕ ಅಸಮತೋಲನವನ್ನು ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಬರೆದಾಗ ಗಂಗಾವತಿಯ ಕೇಂದ್ರ ಬಿಟ್ಟರೆ ಇವು ಯಾವುವೂ ಇರಲಿಲ್ಲ. ಇಲ್ಲದಿರುವುದು ನಡುವಿನ ಕೊಂಡಿ: ಟ್ರಿಪಲ್ ಐಟಿಯ ವಿದ್ಯಾರ್ಥಿಗೆ ಸಿಂಧನೂರಿನ ಉಪಕಾಲುವೆಯ ಕೊನೆಯ ತೂಬು ಗೊತ್ತಿಲ್ಲ, ಆ ತೂಬಿನ ರೈತನಿಗೆ ಟ್ರಿಪಲ್ ಐಟಿಯ ದಾರಿ ಗೊತ್ತಿಲ್ಲ.

ಕಾಲುವೆಯಲ್ಲಿ ಎಷ್ಟು ನೀರು ಯಾವ ತೂಬಿನಲ್ಲಿ ಹೋಯಿತೆಂದು ಅಳೆದು ಕೆಳಭಾಗದವರ ಮೊಬೈಲಿಗೆ ಕಳಿಸುವ ಅಗ್ಗದ ಮಾಪಕ ಮಾಡುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಸಾಧ್ಯದ್ದಲ್ಲ. ಕ್ಯಾಸ್ಕೇಡಿನ ಸ್ವಿಚ್ಚು ಮಾಡಿದ್ದು ಅದನ್ನೇ, ಬೇರೆ ಪದಾರ್ಥದಲ್ಲಿ: ಯಾರ ಪಾಲು ಎಷ್ಟು, ಯಾರು ಎಷ್ಟು ಎಳೆದರು ಎಂಬ ಲೆಕ್ಕ. ಗಿರಣಿಯ ಭತ್ತದ ಹೊಟ್ಟು, ತೊಗರಿಗೆ ಬೀಳುವ ಹುಳು, ಗುಳೆ ಹೋದವರ ಮಕ್ಕಳ ಶಾಲೆ, ಒಂದೊಂದೂ ಒಂದು ತಂಡದ ಒಂದು ವರ್ಷದ ಕೆಲಸ.

ಇದಕ್ಕೆ ದೇಶಪಾಂಡೆಯವರಷ್ಟು ಹಣ ಬೇಕಿಲ್ಲ. ಲೀಡ್ ಮಾದರಿಯ ಒಂದು ತಂಡಕ್ಕೆ ಬೇಕಾಗುವುದು ಕೆಲವು ಸಾವಿರ ರೂಪಾಯಿ ಮತ್ತು ವಾರಕ್ಕೆ ಎರಡು ತಾಸು ಕೊಡುವ ಒಬ್ಬ ಅನುಭವಿ. ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರಲ್ಲಿ, ಹಟ್ಟಿಯ ನಿವೃತ್ತ ಎಂಜಿನಿಯರುಗಳಲ್ಲಿ, ಈ ಮೂರು ತಾಲ್ಲೂಕುಗಳಿಂದ ಹೋಗಿ ಬೆಂಗಳೂರು ಹೈದರಾಬಾದುಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ: ನೀವು ಓದಿದ ಸರ್ಕಾರಿ ಕಾಲೇಜಿಗೆ ಒಮ್ಮೆ ಹೋಗಿ, ಐದು ವಿದ್ಯಾರ್ಥಿಗಳನ್ನು ಕೂಡಿಸಿ, ಅವರ ಊರಿನ ಒಂದು ತೊಂದರೆಯನ್ನು ಅವರ ಬಾಯಿಂದಲೇ ಕೇಳಿ. ನಾಲೆಗೆ ನೀರು ನಿಂತು ಕೈ ಬಿಡುವಾಗಿರುವ ಬೇಸಿಗೆಯೇ ಇದಕ್ಕೆ ತಕ್ಕ ಸಮಯ. ಈ ಬೇಸಿಗೆಯಲ್ಲೇ ಶುರುಮಾಡಿ.